ಹೊರೈಜನ್ ಜೀರೋ ಡಾನ್: ಯಾವ ಯಂತ್ರಕ್ಕ ಯಾವ ಬಾಣ? ಥಂಡರ್‌ಜಾ ಹತ್ರ ಸಿಕ್ಕಾಕ್ಕೊಂಡೀನಿ, ದಾರಿ ಹೇಳ್ರಿ

ಕೌಲ್‌ಬಜಾರ್_ಹುಡುಗ

ಅಣ್ಣಾರ, ಅಕ್ಕಾರ, ನಮಸ್ಕಾರ. ಪಿಸಿ ಮ್ಯಾಲೆ ಹೊರೈಜನ್ ಜೀರೋ ಡಾನ್ (ಪ್ರಾಣಿಯಂಥ ಯಂತ್ರಗಳನ್ನ ಬಿಲ್ಲು-ಬಾಣದಿಂದ ಬ್ಯಾಟಿ ಆಡೋ ಗೇಮ್) ಆಡಾಕತ್ತೀನಿ. 2020ರಾಗ ಬಂದ ಹಳೇ ವರ್ಷನ್, ರೀಮಾಸ್ಟರ್ ಅಲ್ಲ. ನನ್ನ ಲ್ಯಾಪ್‌ಟಾಪಿಗೆ ಅಷ್ಟೇ ತಾಕತ್ತು. ವಾಚರ್, ಗ್ರೇಜರ್, ಸ್ಟ್ರೈಡರ್ ಇಂಥ ಸಣ್ಣ ಯಂತ್ರ ಎಲ್ಲಾ ಈಗ ಸಲೀಸು. ಸಾಟೂತ್‌ನೂ ಹೆಂಗೋ ಕೆಡವಿದೆ. ಆದ್ರ ಮುಂದ ಹೋದಂಗ ಹೋದಂಗ ಯಾವುದಕ್ಕ ಏನು ಹೊಡೀಬೇಕು ಅಂತ ತಿಳೀದ ತಲಿ ಮಸರಗಡಿಗಿ ಆಗೈತಿ. ಥಂಡರ್‌ಜಾ ಅನ್ನೋ ಡೈನೋಸಾರ್‌ನಂಥ ದೊಡ್ಡ ಯಂತ್ರ ಅಂತೂ ಒಮ್ಮೆ ಬಾಲ ಬೀಸಿದ್ರ ಮುಗೀತು, ಕ್ಯಾಂಪ್‌ಫೈರ್ ಹತ್ರ ಎದ್ದು ನಿಂತಿರ್ತೀನಿ. ಬಾಣ ಹೊಡದು ಹೊಡದು ಕಟಿಗಿ ಖಾಲಿ, ಅದರ ಹೆಲ್ತ್ ಕಾಲು ಭಾಗನೂ ಇಳಿದಿರಂಗಿಲ್ಲ.

ಲೆವೆಲ್ ಏರಿಸ್ಕೊಂಡು ಆಮ್ಯಾಲೆ ಬರ್ಲೋ, ಇಲ್ಲಾ ಆಡೋ ರೀತೀನ ಬದಲ ಮಾಡ್ಲೋ? ವಿಡಿಯೋದಾಗ ನೋಡಿದ್ರ ಎಲ್ಲರೂ ಅಲ್ಟ್ರಾ ಹಾರ್ಡ್‌ನಾಗ (ಎಲ್ಲಾಕಿಂತ ಕಠಿಣ ಮಟ್ಟ) ಕುಣಕೋತ ಹೊಡೀತಾರ. ಯಾಕ ಹಂಗ ಹೊಡೀತಾರ ಅಂತ ಮಾತ್ರ ಯಾರೂ ಬಾಯಿ ಬಿಡಂಗಿಲ್ಲ.

ಗುಡ್ಡದ_ಬಿಲ್ಲು

ತಮ್ಮಾ, ಲೆವೆಲ್ ಚಿಂತೆ ಬಿಡು. ಈ ಆಟದಲ್ಲಿ ಲೆವೆಲ್ ಏರಿದ್ರೆ ಸಿಗೋದು ಒಂಚೂರು ಹೆಲ್ತು, ಒಂದು ಸ್ಕಿಲ್ ಪಾಯಿಂಟು. ಪೆಟ್ಟಿಗೆ ತೂಕ ಬರೋದು ಬಿಲ್ಲಿಂದ, ಬಿಲ್ಲಿಗೆ ಹಾಕಿರೋ ಕಾಯ್ಲ್‌ನಿಂದ (ಆಯುಧದ ತಾಕತ್ತು ಹೆಚ್ಚಿಸೋ ಬಿಡಿಭಾಗ), ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲಿಗೆ ಹೊಡೀತಿ ಅನ್ನೋದ್ರಿಂದ. ನೀನು ಯಂತ್ರಕ್ಕೆ ಹೊಡೀತಾ ಇದೀಯ. ಯಂತ್ರದ ಸಾಮಾನಿಗೆ ಹೊಡಿ.

ಫೋಕಸ್ (ಕಿವಿ ಹತ್ರದ ಸ್ಕ್ಯಾನ್ ಸಾಧನ) ಹಾಕಿ ನಿಂತ್ಕೊಂಡು ನೋಡು, ಮೈಮೇಲೆ ಹಳದಿ ಬಣ್ಣದಲ್ಲಿ ಒಂದೊಂದು ಭಾಗ ಹೊಳೀತೈತೆ. ಅದರಲ್ಲಿ ಎರಡು ಜಾತಿ. ಒಂದು, ಒಡೆದ್ರೆ ಪೆಟ್ಟು ಜಾಸ್ತಿ ಬೀಳೋದು: ವಾಚರ್ ಕಣ್ಣು, ಗ್ರೇಜರ್ ಬೆನ್ನ ಮೇಲಿನ ಬ್ಲೇಜ್ (ಉರಿಯೋ ಇಂಧನ) ಡಬ್ಬಿ, ಸಾಟೂತ್ ಹೊಟ್ಟೆ ಕೆಳಗಿನ ಬ್ಲೇಜ್ ಡಬ್ಬಿ. ಇನ್ನೊಂದು, ಕಳಚಿಬಿದ್ರೆ ಯಂತ್ರದ ಒಂದು ದಾಳಿನೇ ಇಲ್ಲದಂಗಾಗೋದು: ತೋಪು, ರೇಡಾರ್, ಡಿಸ್ಕ್ ಲಾಂಚರ್. ಸಣ್ಣ ಯಂತ್ರಕ್ಕೆ ಮೊದಲನೇದು ಸಾಕು. ದೊಡ್ಡದಕ್ಕೆ ಎರಡನೇದು ಮಾಡದೆ ಹೋದ್ರೆ ನೀ ಎಷ್ಟು ಬಾಣ ಹೊತ್ಕೊಂಡ್ ಹೋದ್ರೂ ಸಾಲಲ್ಲ. ಆಟ ಮಾಡಿದ ಗೆರಿಲ್ಲಾ ಕಂಪನಿಯವರೇ ಹೇಳಿಕೊಂಡಿರೋ ಲೆಕ್ಕದಲ್ಲಿ ಥಂಡರ್‌ಜಾ ಮೈಮೇಲೆ ಕಳಚಬಲ್ಲ ತಗಡು 93, ಆಯುಧ 12. ಆ 93ರ ಮೇಲೆ ಸಾದಾ ಹಂಟರ್ ಬಾಣ ಸುರಿಸ್ತಾ ಕೂತ್ರೆ ಕಟ್ಟಿಗೆ ಖಾಲಿ ಆಗದೆ ಇನ್ನೇನು?

ಕಳಚೋಕೆ ಅಂತಲೇ ಟಿಯರ್‌ಬ್ಲಾಸ್ಟ್ ಬಾಣ ಐತೆ. ಕಾರ್ಜಾ ಶಾರ್ಪ್‌ಶಾಟ್ ಬಿಲ್ಲು ಕೊಂಡ್ರೆ ಸಿಗ್ತೈತೆ. ಅದು ಚುಚ್ಚಿಕೊಂಡು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ‘ಧಪ್’ ಅಂತ ಗಾಳಿ ಸಿಡಿಸ್ತೈತೆ, ಸುತ್ತ ಇರೋ ತಗಡು, ತೋಪು ಎಲ್ಲಾ ಕಿತ್ತು ಬೀಳ್ತಾವೆ. ಹೆಲ್ತ್ ಹೆಚ್ಚೇನೂ ಇಳಿಯಲ್ಲ. ಅದನ್ನ ನೋಡಿ ‘ಈ ಬಾಣ ದಂಡ’ ಅಂತ ಬಿಟ್ಟುಬಿಟ್ಟವರು ಬಹಳ ಜನ.

ಈಗ ಥಂಡರ್‌ಜಾ. ಮೊದ್ಲು ಜಾಗ ನೋಡ್ಕೋ. ದೊಡ್ಡ ಬಂಡೆ ಇರ್ಬೇಕು. ಮರ ನಂಬಬೇಡ, ಅದು ನಡೆದು ಬಂದ್ರೆ ಮರ ಮುರಿದು ಬೀಳ್ತಾವೆ. ಹುಲ್ಲಿನಲ್ಲಿ ಕೂತು ಅದು ಪಕ್ಕ ತಿರುಗೋ ತನಕ ಕಾಯಿ. ಬೆನ್ನಿನ ಎರಡೂ ಕಡೆ ಡಿಸ್ಕ್ ಲಾಂಚರ್ ಕಾಣ್ತೈತೆ. ನಿನ್ನ ಕಡೆ ಇರೋದಕ್ಕೆ ಟಿಯರ್‌ಬ್ಲಾಸ್ಟ್ ಬಿಡು, ಬೀಳ್ಲಿಲ್ಲ ಅಂದ್ರೆ ಇನ್ನೊಂದು. ಲಾಂಚರ್ ನೆಲಕ್ಕೆ ಬಿದ್ದ ಕೂಡ್ಲೇ ಅದು ನಿನ್ನ ಕಡೆ ತಿರುಗ್ತೈತೆ, ಆಗ ಬಂಡೆ ಹಿಂದೆ. ಲೇಸರ್ ಉಗುಳಿ ಮುಗಿಸಿದ ಮೇಲೆ ಮತ್ತೆ ಪಕ್ಕಕ್ಕೆ ಬಂದು ಎರಡನೇದು ಕೆಡವು. ಈಗ ಅದಕ್ಕೆ ದೂರದಿಂದ ಹೊಡಿಯೋ ಡಿಸ್ಕ್ ಇಲ್ಲ. ನೀ ದೂರ ಇದ್ದಷ್ಟೂ ಸೇಫು.

ಮುಖ್ಯವಾದದ್ದು ಇಲ್ಲಿಂದ ಮುಂದೆ. ಬಿದ್ದ ಲಾಂಚರ್ ಸುಮ್ನೆ ಬಿಟ್ಟು ಬರಬ್ಯಾಡ, ಎತ್ಕೋ. ಕೈಯಲ್ಲಿ ಹಿಡಿದಾಗ ಓಡೋಕಾಗಲ್ಲ, ಅದಕ್ಕೇ ಯಂತ್ರ ಆ ಕಡೆ ಮುಖ ಮಾಡಿರುವಾಗ ಎತ್ತು. ಅದರದ್ದೇ ಡಿಸ್ಕು ಮೇಲೆ ಹೋಗಿ ಸುತ್ತು ಹಾಕಿ ಅದರ ತಲೆ ಮೇಲೇ ಬೀಳ್ತಾವೆ. ಎರಡು ಲಾಂಚರ್ ಪೂರ್ತಿ ಖಾಲಿ ಮಾಡೋಷ್ಟರಲ್ಲಿ ಹೆಲ್ತ್ ಎಲ್ಲಿಗೆ ಬಂದಿರ್ತೈತೆ ಅಂತ ನೀನೇ ಬಂದು ಇಲ್ಲಿ ಬರಿ.

ರಾಯಚೂರು_ರಣಬಿಸಿಲು

ಗುಡ್ಡದ ಅಣ್ಣಾ, ಇಷ್ಟೆಲ್ಲಾ ಪುರಾಣ ಯಾಕ? ಫ್ರೀಜ್ ಮಾಡು, ಮೂರು ಬಾಣ ಜೋಡಿಸಿ ಹೊಡಿ, ಮುಗೀತು. ಮೊದಲನೇ ಸ್ಲಿಂಗ್‌ನಾಗನ (ಬಾಂಬ್ ಒಗೆಯೋ ಕವಣಿ) ಫ್ರೀಜ್ ಬಾಂಬ್ ಸಿಗ್ತಾವ. ಯಂತ್ರದ ತಲಿ ಮ್ಯಾಲೆ ಕಾಣೋ ನೀಲಿ ಗುಂಡನೆ ಗುರುತು ತುಂಬೋ ತನಕ ಒಗೀತಾ ಇರು. ತುಂಬಿತು ಅಂದ್ರ ಯಂತ್ರ ನಿಧಾನ ಆಗ್ತೈತಿ, ಮ್ಯಾಲೆ ಪ್ರತಿ ಪೆಟ್ಟಿಗೂ ಹೆಚ್ಚಿಗಿ ಡ್ಯಾಮೇಜ್. ಟ್ರಿಪಲ್ ಶಾಟ್ ಸ್ಕಿಲ್ ತಗೊಂಡು ಹಾರ್ಡ್‌ಪಾಯಿಂಟ್ ಬಾಣ ಹಾಕಿ ಹೊಡಿ. ನಾ ಇಡೀ ಆಟ ಹಿಂಗ ಆಡೀನಿ. ಯಾವ ಭಾಗ ಎಲ್ಲೈತಿ ಅಂತ ಹುಡುಕಕೋತ ನಿಂತ್ರ ಅಷ್ಟರಾಗ ಅದು ನಿನ್ನ ತುಳದು ಹೋಗಿರ್ತೈತಿ.

ಇಷ್ಟಕ್ಕೂ ನಮ್ಮ ಊರಾಗ ಏಪ್ರಿಲ್ ತಿಂಗಳು ಮಧ್ಯಾಹ್ನ ಆಡೋರಿಗೆ ಏನಾದ್ರೂ ಒಂದು ಫ್ರೀಜ್ ಆಗ್ಲಿ ಅನ್ನೋದ ದೊಡ್ಡ ಆಸಿ.

ಗುಡ್ಡದ_ಬಿಲ್ಲು

ರಣಬಿಸಿಲು ಮಾಮ, ನಿನ್ನ ದಾರಿ ತಪ್ಪು ಅಂತ ಯಾರಂದ್ರು. ಥಂಡರ್‌ಜಾಗೆ ಲಾಂಚರ್ ಕೆಡವಿದ ಮೇಲೆ ನಾನೂ ಫ್ರೀಜ್ ಮಾಡಿಯೇ ಡಿಸ್ಕ್ ಹೊಡಿಯೋದು. ಆದ್ರೆ ‘ಎಲ್ಲದಕ್ಕೂ ಅದೊಂದೇ’ ಅನ್ನೋದು ಒಪ್ಪಲ್ಲ. ಗ್ಲಿಂಟ್‌ಹಾಕ್, ಸ್ನ್ಯಾಪ್‌ಮಾ, ಫ್ರೀಜ್ ಬೆಲ್ಲೋಬ್ಯಾಕ್ ಇವೆಲ್ಲಾ ತಾವೇ ಹಿಮ ಉಗುಳೋ ಯಂತ್ರಗಳು. ಇವಕ್ಕೆ ಫ್ರೀಜ್ ಬಾಂಬ್ ಒಗೆದ್ರೆ ಏನ್ ಮಾಡ್ತಾವೆ, ಮೈ ಕೊಡವಿಕೊಂಡು ಬರ್ತಾವೆ. ಅಲ್ಲಿ ಬೆಂಕಿನೇ ಬೇಕು. ಇನ್ನೊಂದು, ಹುಡುಗ ಈಗಷ್ಟೇ ಶುರು ಮಾಡಿದಾನೆ. ಫ್ರೀಜ್ ಬಾಂಬಿಗೆ ಚಿಲ್‌ವಾಟರ್ ಬೇಕು. ಅದು ಬರೋದು ಇದೇ ಹಿಮದ ಯಂತ್ರಗಳಿಂದ. ಅವನ್ನ ಹೊಡಿಯೋಕೆ ಗೊತ್ತಿಲ್ದೆ ಚಿಲ್‌ವಾಟರ್ ಎಲ್ಲಿಂದ ತರ್ತಾನೆ?

ರಾಯಚೂರು_ರಣಬಿಸಿಲು

ಅಂಗಡಿಯಾಗ ಮಾರ್ತಾರಪಾ. ಶಾರ್ಡ್ (ಆಟದಾಗಿನ ರೊಕ್ಕ) ಕೊಟ್ಟು ತಗೋ.

ಗುಡ್ಡದ_ಬಿಲ್ಲು

ಶಾರ್ಡ್‌ನಿಂದಲೇ ಬಾಣನೂ ಮಾಡ್ಬೇಕು, ಬಿಲ್ಲೂ ಕೊಳ್ಬೇಕು. ಹೊಸಬರ ಹತ್ರ ಅಷ್ಟೆಲ್ಲಾ ಎಲ್ಲಿರ್ತೈತೆ.

ಗಂಗಾವತಿ_ಅಕ್ಕ

ಇಬ್ಬರೂ ಜಗಳ ಆಡಕೋತ ಆ ಹುಡುಗನ್ನ ಮರತ್ರಿ. ತಮ್ಮಾ, ನಾ ಹೇಳೋದು ಬ್ಯಾರೇನ ಐತಿ. ಯುದ್ಧ ಚಾಲೂ ಆಗೋಕಿಂತ ಮೊದಲ ಅರ್ಧ ಮುಗಿಸಿರಬೇಕು.

ಫೋಕಸ್‌ನಾಗ ಯಂತ್ರನ ಟ್ಯಾಗ್ ಮಾಡಿದ್ರ ಅದು ನಡಿಯೋ ದಾರಿ ನೆಲದ ಮ್ಯಾಲೆ ಗೆರಿ ಹಾಕಿದಂಗ ಕಾಣ್ತೈತಿ. ಅದು ದಾರಿ ಬಿಟ್ಟು ಹೋಗಂಗಿಲ್ಲ, ಅದೇ ಸುತ್ತು, ಅದೇ ತಿರುವು. ಟ್ರಿಪ್‌ಕಾಸ್ಟರ್ (ಬಲಿ ತಂತಿ ಕಟ್ಟೋ ಆಯುಧ) ತಗೊಂಡು ಆ ದಾರಿಗೆ ಅಡ್ಡ ತಂತಿ ಕಟ್ಟು. ಒಂದಲ್ಲ, ಒಂದರ ಹಿಂದ ಒಂದು ಮೂರ್ನಾಕು. ಕಾರ್ಜಾ ಟ್ರಿಪ್‌ಕಾಸ್ಟರ್‌ನಾಗ ಬ್ಲಾಸ್ಟ್ ತಂತಿ ಬರ್ತೈತಿ. ಸಾಟೂತ್‌ಗೆ ಇದಕ್ಕಿಂತ ಒಳ್ಳೇ ಔಷಧ ಇಲ್ಲ. ತಂತಿ ಈ ಕಡೆ ನೀ ಹುಲ್ಲಿನಾಗ ಕುಂತು ಸಿಳ್ಳಿ ಹಾಕು (ಲ್ಯೂರ್ ಕಾಲ್ ಸ್ಕಿಲ್ ತಗೊಂಡಿರ್ಬೇಕು), ‘ಏನದು’ ಅಂತ ನೋಡಾಕ ಬಂದು ತಾನ ತಂತಿಗೆ ಕಾಲು ಕೊಡ್ತೈತಿ. ಸಿಟ್ಟಿಗೆದ್ದು ಓಡಿ ಬಂದ್ರೂ ಉಳಿದ ತಂತಿ ಅಡ್ಡ ಇರ್ತಾವ. ಅದೂ ದಾಟಿ ಬಂತಾ, ಆಗ ಹಾರೋ ಹೊತ್ತಿಗೆ ಸರಿಯಾಗಿ ಪಕ್ಕಕ್ಕ ಉಳ್ಳು. ಹಿಂದಕ್ಕ ಉಳ್ಳಬ್ಯಾಡ, ಸಾಟೂತ್ ಜಿಗಿತ ಬಹಳ ಉದ್ದ ಇರ್ತೈತಿ.

ಒಂದು ಎಚ್ಚರಿಕಿ. ಸ್ಕ್ರ್ಯಾಪರ್ ಇರೋ ಜಾಗದಾಗ ಹುಲ್ಲು ನಂಬಬ್ಯಾಡ. ಅದರ ಮೈಮ್ಯಾಲೆ ರೇಡಾರ್ ಐತಿ, ಹುಲ್ಲಿನಾಗ ಕುಂತೋರನ್ನೂ ಹಿಡೀತೈತಿ. ಮೊದಲ ಆ ರೇಡಾರ್ ಒಡಿ, ಆಮ್ಯಾಲೆ ಅಡಗು.

ಮತ್ತ ದೊಡ್ಡ ಯಂತ್ರದ ಮ್ಯಾಲೆ ಹೋಗೋಕಿಂತ ಮೊದಲ ಸುತ್ತ ಇರೋ ವಾಚರ್‌ಗಳನ್ನ ಒಂದೊಂದಾಗಿ ಸಿಳ್ಳಿ ಹಾಕಿ ಕರದು ಸೈಲೆಂಟ್ ಸ್ಟ್ರೈಕ್ (ಅಡಗಿ ಈಟಿಲೇ ಹೊಡಿಯೋ ಪೆಟ್ಟು) ಕೊಡು. ಥಂಡರ್‌ಜಾ ಜೋಡಿ ನೀ ಸೋಲಾಕ ಅರ್ಧ ಕಾರಣ ಹಿಂದಿನಿಂದ ಬೆಳಕು ಹಾಯಿಸಿ ಕಣ್ಣು ಕತ್ತಲ ಮಾಡೋ ಆ ವಾಚರ್‌ಗಳ ಇರ್ಬೇಕು ನೋಡು.

ಕೊಪ್ಪಳ_ಪಿಎಸ್4

ನಾನು 2017ರಲ್ಲಿ ಬಂದಾಗಿನಿಂದ ಪ್ಲೇಸ್ಟೇಷನ್‌ನಲ್ಲಿ ಆಡುತ್ತಿರುವವನು. ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಕ್ಯಾಂಪ್‌ಫೈರ್ ಕಂಡಲ್ಲೆಲ್ಲ ಸೇವ್ ಮಾಡಿ. ಈ ಆಟದಲ್ಲಿ ಬೇಕೆಂದಲ್ಲಿ ಸೇವ್ ಆಗುವುದಿಲ್ಲ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವವರು ಯಾರು? ಬೆಲ್ಲೋಬ್ಯಾಕ್‌ನ ಹೆಲ್ತ್ ಗೆರೆಯಷ್ಟು ಉಳಿದಾಗ ಟಿವಿ ಕಪ್ಪಾಗುವುದಿದೆಯಲ್ಲ, ಆಗ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಬೆಲ್ಲೋಬ್ಯಾಕ್ ಹೆಸರು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಎರಡು ಬಗೆ: ಬೆಂಕಿಯದು, ಹಿಮದ್ದು. ಬೆಂಕಿಯದಕ್ಕೆ ಫ್ರೀಜ್, ಹಿಮದ್ದಕ್ಕೆ ಬೆಂಕಿ. ಬೆನ್ನ ಮೇಲೆ ದೊಡ್ಡ ಚೀಲ, ಗಂಟಲ ಕೆಳಗೆ ಇನ್ನೊಂದು. ಚೀಲ ಒಡೆದರೆ ಸಿಡಿತದಲ್ಲಿ ಅದಕ್ಕೇ ಭಾರೀ ಪೆಟ್ಟು, ಉಗುಳುವುದೂ ನಿಲ್ಲುತ್ತದೆ. ಹತ್ತಿರ ನಿಂತು ಒಡೆಯಬೇಡಿ. ಅಷ್ಟೇ, ಹೆಚ್ಚು ಯೋಚಿಸುವಂಥ ಯಂತ್ರವಲ್ಲ.

ಕೌಲ್‌ಬಜಾರ್_ಹುಡುಗ

ಗುಡ್ಡದ ಅಣ್ಣಾ! ಬಿತ್ತು! ಎರಡೂ ಲಾಂಚರ್ ಕೆಡವಿದೆ, ಒಂದು ಎತ್ಕೊಂಡು ಹೊಡದೆ. ಅಕ್ಕ ಅಂದಂಗ ಮೊದಲ ವಾಚರ್ ಎಲ್ಲಾ ಮುಗಿಸಿದ್ದೆ. ಎರಡನೇ ಲಾಂಚರ್ ಎತ್ತಾಕ ಹೋದಾಗ ಅದು ಮೈ ಮ್ಯಾಲೆ ಬಂದು ಬಿಟ್ಟಿತ್ತು, ಆದ್ರ ಹೆಲ್ತ್ ಅಷ್ಟರಾಗ ಬಹಳ ಇಳಿದಿತ್ತು. ರಣಬಿಸಿಲು ಮಾಮಾನ ಮಾತೂ ಬಿಡ್ಲಿಲ್ಲ, ಕೊನಿಗೆ ಫ್ರೀಜ್ ಮಾಡಿ ಎದಿಗೆ ಹೊಡದೆ.

ಈಗ ಹೊಸ ತ್ರಾಸು. ಹಾರೋವು. ಗ್ಲಿಂಟ್‌ಹಾಕ್ ಹಿಂಡು ಬಂತಂದ್ರ ಎಲ್ಲಿ ನೋಡ್ಲಿ ಅಂತ ತಿಳಿಯಂಗಿಲ್ಲ. ಸ್ಟಾರ್ಮ್‌ಬರ್ಡ್ ಅಂತೂ ದೂರದಿಂದ ನೋಡಿ ವಾಪಸ್ ಬಂದೆ. ಮತ್ತ ಸ್ಟಾಕರ್ ಅನ್ನೋದು ಕಾಣಂಗಾ ಇಲ್ಲಲ್ಲ?

ಸಿಂಧನೂರು_ಸೈಲೆಂಟ್

ಹಾರೋವಕ್ಕ ರೋಪ್‌ಕಾಸ್ಟರ್, ಹಗ್ಗ ಹೊಡದು ನೆಲಕ್ಕ ಕಟ್ಟೋ ಆಯುಧ. ಬ್ಯಾರೆ ಮಾತಿಲ್ಲ.

ಗುಡ್ಡದ_ಬಿಲ್ಲು

ಶಾಬಾಸ್ ತಮ್ಮಾ. ಸೈಲೆಂಟ್ ಒಂದೇ ಸಾಲಲ್ಲಿ ಮುಗಿಸಿದ್ರು, ನಾ ಸ್ವಲ್ಪ ಬಿಡಿಸಿ ಹೇಳ್ತೀನಿ. ಶಿಫ್ಟ್ ಮುಗಿಸಿ ತೋರಣಗಲ್ಲಿಂದ ಈಗ ಬಂದೆ, ಊಟ ಆಮೇಲೆ.

ಗ್ಲಿಂಟ್‌ಹಾಕ್‌ಗೆ ಹಗ್ಗ ಸುಮ್ನೆ ದಂಡ, ಬೆಂಕಿ ಬಾಣ ಸಾಕು. ಎದೆ ಮೇಲೆ ಹಿಮದ ಚೀಲ ಐತೆ. ನಿನ್ನ ಮೇಲೆ ಉಗುಳೋಕೆ ಬರುವಾಗ ಎದೆ ಎದುರಿಗೇ ಬರ್ತೈತೆ, ಆಗ ಹೊಡಿ. ನೆಲಕ್ಕೆ ಬಿದ್ದ ಕೂಡಲೇ ಓಡಿಹೋಗಿ ಈಟಿಯಲ್ಲಿ ಕ್ರಿಟಿಕಲ್ ಹಿಟ್ ಕೊಡು. ಇವು ಸತ್ತ ಯಂತ್ರಗಳನ್ನ ತಿನ್ನೋಕೆ ಬರೋ ಹದ್ದುಗಳು. ಬೇರೆ ಯಂತ್ರ ಕೆಡವಿದ ಜಾಗದಲ್ಲಿ ಬಹಳ ಹೊತ್ತು ನಿಂತ್ರೆ ಮೇಲೆ ನೋಡ್ತಾ ಇರು.

ಸ್ಟಾರ್ಮ್‌ಬರ್ಡ್ ಬೇರೆ ಲೆಕ್ಕ. ಮೇಲಿಂದ ನೇರ ಎರಗ್ತೈತೆ, ಬಿದ್ದ ಜಾಗದ ಸುತ್ತ ಮಿಂಚು. ಓಡಿದ್ರೆ ಆಗಲ್ಲ, ಎರಗೋ ಕ್ಷಣಕ್ಕೆ ಉಳ್ಳಬೇಕು. ಎರಗಿ ನೆಲದ ಮೇಲೆ ಇದ್ದಾಗಲೇ ರೋಪ್‌ಕಾಸ್ಟರ್ ಬಾಣ ಒಂದರ ಮೇಲೊಂದು ಬಿಡು. ಒಂದು ಹಗ್ಗಕ್ಕೆ ಏನೂ ಆಗಲ್ಲ, ತಲೆ ಮೇಲಿನ ಗುಂಡು ತುಂಬೋ ತನಕ ಕಟ್ತಾ ಇರಬೇಕು. ಕಾರ್ಜಾ ಇಲ್ಲಾ ಶ್ಯಾಡೋ ರೋಪ್‌ಕಾಸ್ಟರ್ ಆದ್ರೆ ಬೇಗ ತುಂಬ್ತೈತೆ, ಅದಕ್ಕೆ ಹ್ಯಾಂಡ್ಲಿಂಗ್ ಕಾಯ್ಲ್ ಹಾಕಿದ್ರೆ ಇನ್ನೂ ಬೇಗ. ಕಟ್ಟಿ ಬಿದ್ದಾಗ ಅವಸರ ಪಟ್ಟು ಮೈಗೆ ಬಾಣ ಸುರಿಬೇಡ. ಎದೆಯ ಮಿಂಚಿನ ತೋಪಿಗೆ ಟಿಯರ್‌ಬ್ಲಾಸ್ಟ್ ಹೊಡಿ. ಅದು ಕಳಚಿದ್ರೆ ಮಿಂಚಿನ ಉಂಡೆ ಉಗುಳೋದು ನಿಲ್ತೈತೆ, ಉಳಿಯೋದು ಎರಗೋದು ಮಾತ್ರ. ಎರಗೋದನ್ನ ನೀ ಆಗಲೇ ಕಲ್ತಿರ್ತೀಯ. ಮತ್ತೆ ಎದ್ರೆ ಮತ್ತೆ ಕಟ್ಟು. ಎರಡನೇ ಸಲಕ್ಕೆ ಹಗ್ಗ ಜಾಸ್ತಿ ಬೇಕಾಗ್ತೈತೆ, ತಂತಿ ತುಂಬಿಸ್ಕೊಂಡು ಹೋಗು.

ಬಾಣ ಮುಗೀತು ಅಂತ ಓಡಿ ಹೋಗೋರು ಇದಾರೆ. ವೆಪನ್ ವೀಲ್ ಒತ್ತಿ ಹಿಡಿ, ಕಾಲ ನಿಧಾನ ಆಗ್ತೈತೆ, ಅಲ್ಲೇ ಬಾಣ ಮಾಡ್ಕೋಬಹುದು. ಯುದ್ಧದ ನಡುವೆ ಉಸಿರು ಬಿಡೋಕೆ ಸಿಗೋ ಜಾಗ ಅದೊಂದೇ.

ಸ್ಟಾಕರ್ ಬಗ್ಗೆ ಅಕ್ಕನ್ನ ಕೇಳು. ನಾನು ಆ ಯಂತ್ರ ಕಂಡ್ರೆ ಸುತ್ತು ಹಾಕ್ಕೊಂಡು ಹೋಗೋನು.

ಗಂಗಾವತಿ_ಅಕ್ಕ

ಬಿಲ್ಲುಗಾರ ಅಂತ ಹೆಸರು ಇಟ್ಕೊಂಡು ಸ್ಟಾಕರ್ ಕಂಡ್ರ ಸುತ್ತು ಹಾಕ್ತಾರಂತ, ಕೇಳ್ರಿ.

ಸ್ಟಾಕರ್ ಪೂರ್ತಿ ಮಾಯ ಆಗಂಗಿಲ್ಲ. ಸುಮ್ನ ನಿಂತಾಗ ಏನೂ ಕಾಣಂಗಿಲ್ಲ, ನಡಿಯಾಕತ್ತಿದ್ರ ಗಾಳಿ ಒಂದ್ ಕಡೆ ಮಿಸುಕಿದಂಗ ಕಾಣ್ತೈತಿ. ಹೆಡ್‌ಫೋನ್ ಹಾಕ್ಕೊಂಡು ಆಡು, ಗುರ್ ಅನ್ನೋ ಸಪ್ಪಳ ಯಾವ ಕಿವಿಯಾಗ ಬಂತು ನೋಡು. ಅದು ಇರೋ ಜಾಗದಾಗ ನೆಲಕ್ಕ ಮೈನ್ ಹಾಕಿರ್ತೈತಿ. ಮೈನ್ ಕಂಡ್ರ ದೂರದಿಂದ ಒಡಿ, ತುಳದ್ರ ನೀ ಎಲ್ಲಿದ್ದಿ ಅಂತ ಅದಕ್ಕ ಗೊತ್ತಾಗ್ತೈತಿ.

ನಾ ಮಾಡೋದು ಹಿಂಗ. ಬೆನ್ನಿಗೆ ಬಂಡೆಗಲ್ಲು ಇಟ್ಕೊಂಡು ನಿಂತ್ಕೊಂತೀನಿ, ಎಡಕ್ಕ, ಬಲಕ್ಕ, ಎದುರಿಗೆ ಶಾಕ್ ತಂತಿ ಕಟ್ತೀನಿ. ಹಿಂದಿಂದ ಬರಾಕ ಜಾಗನ ಇಲ್ಲ. ಬಂತು, ತಂತಿಗೆ ಸಿಕ್ತು, ಮೈತುಂಬ ಕರೆಂಟ್ ಹೊಡಕೊಂಡು ಒದ್ದಾಡಕೋತ ಬೀಳ್ತೈತಿ. ಆಗ ಎದ್ದು ಕಾಣ್ತೈತಿ ಅದರ ಸ್ಟೆಲ್ತ್ ಜನರೇಟರ್. ಮೊದಲ ಅದನ್ನ ಒಡೀಬೇಕು. ಅದೊಂದು ಹೋತಂದ್ರ ಸ್ಟಾಕರ್ ಅಂದ್ರ ಏನೂ ಇಲ್ಲ, ಒಂದು ತೆಳ್ಳನ ಯಂತ್ರ, ಹೆಲ್ತೂ ಕಡಿಮಿ. ಎರಡನೇದು ಡಾರ್ಟ್ ಗನ್. ಅದನ್ನೂ ಕಿತ್ತ್ರ ಹತ್ರ ಬಂದ ಹೊಡೀಬೇಕು ಅದು.

ಗುಡ್ಡದವರು ‘ಸಾಮಾನಿಗೆ ಹೊಡಿ’ ಅಂದ್ರಲ್ಲ, ಆ ಮಾತು ಎಲ್ಲಾಕಿಂತ ಹೆಚ್ಚು ಇದಕ್ಕ ಸಲ್ತೈತಿ.

ರಾಯಚೂರು_ರಣಬಿಸಿಲು

ಸ್ನ್ಯಾಪ್‌ಮಾ ಬಗ್ಗೆ ಯಾರೂ ಹೇಳ್ಲೇ ಇಲ್ಲ. ನಮ್ಮ ಕೃಷ್ಣಾ ದಂಡಿ ಊರವರಿಗೆ ಮೊಸಳಿ ಹೊಸಾದೇನಲ್ಲ, ನೀರಿನ ಹತ್ರ ಹುಷಾರಿ ಅಂತ ಸಣ್ಣವರಿದ್ದಾಗಿಂದ ಕೇಳೀವಿ. ಆಟದಾಗೂ ಅದ ಮಾತು. ನೀರಿಗೆ ಇಳಿದು ಹೊಡಿಯಾಕ ಹೋಗಬ್ಯಾಡ. ದಂಡಿ ಮ್ಯಾಲೆ ಎತ್ತರದಾಗ ನಿಂತು ಕರಿ, ಅದ ಮ್ಯಾಲೆ ಬರ್ತೈತಿ. ಬಾಯಿ ತೆರದು ಹಿಮ ಉಗುಳಾಕ ಕತ್ತು ಎತ್ತಿದಾಗ ಗಂಟಲ ಕೆಳಗಿನ ಚೀಲ ಕಾಣ್ತೈತಿ, ಬೆಂಕಿ ಬಾಣ ಅಲ್ಲಿಗೆ. ಹೌದು, ಬೆಂಕಿ ಅಂತ ನಾನ ಹೇಳಾಕತ್ತೀನಿ, ಗುಡ್ಡದ ಅಣ್ಣಾ ನಗಬ್ಯಾಡ.

ಕೊಪ್ಪಳ_ಪಿಎಸ್4

ರ‍್ಯಾವೇಜರ್ ಬಗ್ಗೆಯೂ ಒಂದು ಮಾತು. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಅತಿ ಖುಷಿ ಕೊಡುವ ಯಂತ್ರ ಅದು. ಬೆನ್ನ ಮೇಲೆ ತೋಪು ಹೊತ್ತಿರುತ್ತದೆ. ಟಿಯರ್‌ಬ್ಲಾಸ್ಟ್‌ನಲ್ಲಿ ತೋಪು ಕೆಡವಿ, ಎತ್ತಿಕೊಂಡು, ಅದನ್ನೇ ಅದರ ಮೇಲೆ ಹೊಡೆದರೆ ಮುಗಿದೇ ಹೋಗುತ್ತದೆ. ಥಂಡರ್‌ಜಾ ಮಾಡುವ ಮೊದಲು ಇದರ ಮೇಲೆ ಅಭ್ಯಾಸ ಮಾಡಿದರೆ ಕೈ ಕೂರುತ್ತದೆ. ಒಂದೇ ಪಾಠ, ಪುಸ್ತಕ ಸಣ್ಣದು.

ಶೆಲ್‌ವಾಕರ್ ಅಂಥದ್ದೇ. ಏಡಿಯಂತೆ ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಮಿಂಚಿನ ತೋಪು. ಎದುರಿಗೆ ಹೊಡೆಯುವುದು ಬಾಣ ಹಾಳು ಮಾಡಿದಂತೆ. ಪಕ್ಕದಿಂದ ಕೈ ಕಳಚಿ. ಬೆನ್ನ ಮೇಲಿನ ಪೆಟ್ಟಿಗೆಯನ್ನು ಹಿಡಿದಿರುವ ಕೊಕ್ಕೆಗಳಿಗೆ ಹೊಡೆದರೆ ಪೆಟ್ಟಿಗೆ ಬೀಳುತ್ತದೆ. ಬರೀ ಅದರೊಳಗಿನ ಸಾಮಾನಿಗಾಗಿ ಬಂದವರು ಅದನ್ನು ಎತ್ತಿಕೊಂಡು ಓಡಬಹುದು, ಕೊಲ್ಲಲೇಬೇಕೆಂದಿಲ್ಲ.

ಕೌಲ್‌ಬಜಾರ್_ಹುಡುಗ

ರಾಕ್‌ಬ್ರೇಕರ್ ಅಂತ ಒಂದು ನೆಲದಾಗಿಂದ ಎದ್ದು ಬಂತು. ಅದಕ್ಕ ಎಲ್ಲಿ ಹೊಡೀಬೇಕು, ಯಾವಾಗ ಹೊಡೀಬೇಕು? ಕಾಣೋದು ಅರೆಕ್ಷಣ. ಅದೂ ಅಲ್ದ ಲ್ಯಾಪ್‌ಟಾಪ್ ಕಾದು ಕಾದು ಫ್ರೇಮ್ ಬೀಳ್ತಾವ, ಕಾನ್ಸಂಟ್ರೇಶನ್ (ಗುರಿ ಇಡುವಾಗ ಕಾಲ ನಿಧಾನ ಮಾಡೋ ಸ್ಕಿಲ್) ಹಾಕಿದ್ರ ಗೇಮ್ ನಿಧಾನ ಆತೋ ಲ್ಯಾಪ್‌ಟಾಪ್ ನಿಧಾನ ಆತೋ ತಿಳಿಯಂಗಿಲ್ಲ.

ಸಿಂಧನೂರು_ಸೈಲೆಂಟ್

ಸೆಟ್ಟಿಂಗ್ಸ್‌ನಾಗ ಫ್ರೇಮ್ 30ಕ್ಕ ಕಟ್ಟು. ಕೆಳಗ ಎರಡು ಪುಸ್ತಕ ಇಟ್ಟು ಲ್ಯಾಪ್‌ಟಾಪ್ ಎತ್ತಿಡು, ಗಾಳಿ ಆಡ್ಲಿ. ರಾತ್ರಿ ಆಡು.

ಗುಡ್ಡದ_ಬಿಲ್ಲು

ರಾಕ್‌ಬ್ರೇಕರ್‌ಗೆ ಕಣ್ಣಿಲ್ಲ, ಸಪ್ಪಳ ಹಿಡಿದು ಬರ್ತೈತೆ. ನೀ ಓಡಿದಷ್ಟೂ ಅದಕ್ಕೆ ದಾರಿ ತೋರಿಸಿದಂಗೆ. ನೆಲದೊಳಗೆ ಹೋದಾಗ ಕುಕ್ಕರಿಸಿ ನಿಂತುಬಿಡು, ಅಲುಗಬೇಡ. ಮಣ್ಣು ಉಬ್ಬಿಕೊಂಡು ಬರೋದು ಕಾಣ್ತೈತೆ, ನಿನ್ನ ಕಡೆಗೇ ಬಂದ್ರೆ ಆಗ ಉಳ್ಳು. ಸಾಧ್ಯ ಆದ್ರೆ ಬಂಡೆ ಮೇಲೆ ಹತ್ಕೊಂಡು ನಿಲ್ಲು.

ಅದರ ಜೀವ ಇರೋದೇ ಅಗೆಯೋ ಕೈಗಳಲ್ಲಿ. ನಾಲ್ಕು ಕೈ. ಮೇಲೆ ಎದ್ದು ಕಲ್ಲು ಉಗುಳೋಕೆ ನಿಂತಾಗ ಕೈಗೇ ಹೊಡಿ, ಬೇರೆ ಎಲ್ಲಿಗೂ ಹೊಡೀಬೇಡ. ನಾಲ್ಕೂ ಹೋದ್ರೆ ಮತ್ತೆ ನೆಲದೊಳಗೆ ಇಳಿಯೋಕೇ ಆಗಲ್ಲ. ಮೇಲೆ ಬಿದ್ದು ತೆವಳೋ ರಾಕ್‌ಬ್ರೇಕರ್‌ನ ಹೊಡಿಯೋದು ದೊಡ್ಡ ಮಾತಲ್ಲ. ಬೇಕಾದ್ರೆ ಅಷ್ಟೊತ್ತಿಗೆ ರಣಬಿಸಿಲು ಮಾಮಾನ ಫ್ರೀಜ್ ಬಾಂಬ್ ಹಾಕು.

ಇಷ್ಟು ಹೇಳಿದ ಮೇಲೆ ಹಳೇ ಕಾಲದ ಯಂತ್ರಗಳ ಬಗ್ಗೆನೂ ಹೇಳ್ಬೇಕು, ಮುಂದೆ ಸಿಗ್ತಾವೆ. ಕರಪ್ಟರ್‌ಗೆ ಬೆಂಕಿ. ಕೆಂಪು ಹೊಗೆ ಸುತ್ತಿಕೊಂಡ ಕರಪ್ಟೆಡ್ ಯಂತ್ರ ಯಾವುದೇ ಇರ್ಲಿ, ಬೆಂಕಿ. ಯಂತ್ರಗಳನ್ನ ತಮ್ಮತಮ್ಮಲ್ಲೇ ಬಡಿದಾಡಿಸೋ ಕರಪ್ಶನ್ ಬಾಣ ಅವುಗಳ ಮೇಲೆ ನಡೆಯಲ್ಲ. ಡೆತ್‌ಬ್ರಿಂಗರ್ ಮಾತ್ರ ಕೂತ ಕಡೆಯಿಂದಲೇ ಗುಂಡಿನ ಮಳೆ ಸುರಿಸೋ ಕೋಟೆ. ಅದಕ್ಕೂ ಒಂದು ದೌರ್ಬಲ್ಯ: ಹೊಡೆದು ಹೊಡೆದು ಕಾದುಹೋಗ್ತೈತೆ, ತಣಿಸ್ಕೊಳ್ಳೋಕೆ ಮೈಯ ಕಿಟಕಿ ತೆಗೀತೈತೆ, ಒಳಗಿನ ಕೂಲಿಂಗ್ ರಾಡ್ ಕೆಂಪಗೆ ಹೊಳೀತಾವೆ. ಅಲ್ಲಿ ತನಕ ಕಂಬದ ಹಿಂದೆ ಕೂತ್ಕೊ. ಕಿಟಕಿ ತೆಗೆದಾಗ ಶಾರ್ಪ್‌ಶಾಟ್‌ನಲ್ಲಿ ರಾಡಿಗೆ ಹೊಡಿ. ಮುಚ್ಚಿದ್ರೆ ಮತ್ತೆ ಕಂಬ. ಇದೊಂದು ಯಂತ್ರದ ಹತ್ರ ಧೈರ್ಯ ಕೆಲಸಕ್ಕೆ ಬರಲ್ಲ, ತಾಳ್ಮೆ ಬೇಕು.

ಸಿಂಧನೂರು_ಸೈಲೆಂಟ್

ಎಲ್ಲರೂ ಕೊಲ್ಲೋದ ಹೇಳ್ತೀರಿ. ಓವರ್‌ರೈಡ್ ಮಾಡ್ರಿ, ಅಂದ್ರ ಯಂತ್ರನ ನಿಮ್ಮ ಕಡೆ ಮಾಡ್ಕೊಳ್ರಿ.

ಮೂಲ ಆಟದಾಗ ಕಾಲ್ಡ್ರನ್ (ಯಂತ್ರ ತಯಾರಾಗೋ ನೆಲಮಾಳಿಗಿ ಕಾರ್ಖಾನಿ) ನಾಕು ಅದಾವ: ಸಿಗ್ಮಾ, ರೋ, ಕ್ಸೈ, ಝೀಟಾ. ಒಂದೊಂದು ಮುಗಿಸಿದಂಗ ಒಂದಿಷ್ಟು ಯಂತ್ರ ನಿಮ್ಮ ಕೈಗೆ ಬರ್ತಾವ. ಸಿಗ್ಮಾ ಮುಗಿಸಿದ್ರ ಸಾಟೂತ್ ನಿಮ್ಮದು. ಝೀಟಾ ಮುಗಿಸಿದ್ರ ಥಂಡರ್‌ಜಾ, ಸ್ಟಾರ್ಮ್‌ಬರ್ಡ್ ಎರಡೂ. ಝೀಟಾ ಒಳಗ ಕೊನಿಗೆ ಇರೋದೂ ಥಂಡರ್‌ಜಾನ, ಈಗ ನಿನಗ ಹೆದರಿಕಿ ಇಲ್ಲ. ಹಿಂಡಿನಾಗ ಒಂದು ದೊಡ್ಡದನ್ನ ಹುಲ್ಲಿನಾಗಿಂದ ಹೋಗಿ ಓವರ್‌ರೈಡ್ ಮಾಡಿ, ಪಕ್ಕಕ್ಕ ಸರದು ಕುಂದ್ರು. ಅವ ಬಡದಾಡ್ಲಿ. ಉಳಿದದ್ದರ ಹೆಲ್ತ್ ಎಷ್ಟೈತಿ ನೋಡಿ ಆಮ್ಯಾಲೆ ಎದ್ದೇಳು.

ಗಂಗಾವತಿ_ಅಕ್ಕ

ಸೈಲೆಂಟ್ ಅಂತ ಹೆಸರು, ಇವತ್ತು ಮಾತಾಡೇ ಬಿಟ್ರು! ಮಾತು ಖರೇ ಐತಿ. ಬ್ಯಾಂಡಿಟ್ ಕ್ಯಾಂಪಿಗೂ ಹಿಂಗ ಸಮಾಧಾನಲೇ ಹೋಗಬೇಕು. ಮನುಷ್ಯಾರ ಜೋಡಿ ಸಾಮಾನು ಕಳಚೋದು ಏನೂ ಇರಂಗಿಲ್ಲ, ತಲಿಗೆ ಒಂದು ಬಾಣ. ಆದ್ರ ಮೊದಲ ಅಲಾರಾಂ ಎಲ್ಲೈತಿ ಹುಡುಕಿ ಕೆಡಿಸು, ಇಲ್ಲಾಂದ್ರ ಊರ ಎದ್ದು ಬರ್ತೈತಿ.

ಕೌಲ್‌ಬಜಾರ್_ಹುಡುಗ

ನನ್ನ ಪಿಸಿ ವರ್ಷನ್‌ನಾಗ ಫ್ರೋಜನ್ ವೈಲ್ಡ್ಸ್ ಅನ್ನೋ ಹೆಚ್ಚುವರಿ ಭಾಗನೂ ಐತಿ. ಈಗ ಹೋಗ್ಲೋ, ಕಥಿ ಮುಗಿಸಿ ಹೋಗ್ಲೋ? ಅಲ್ಲಿ ಕರಡಿ ಅದಾವ ಅಂತ ಕೇಳೀನಿ.

ಕೊಪ್ಪಳ_ಪಿಎಸ್4

ಲೆವೆಲ್ 30 ಆದ ಮೇಲೆ ಹೋಗುವುದು ಒಳ್ಳೆಯದು. ಅಲ್ಲಿನ ಯಂತ್ರಗಳು ಬಿರುಸು. ಡೀಮನಿಕ್ ಅಂತ ಹೆಸರಿರುವವನ್ನು ಓವರ್‌ರೈಡ್ ಮಾಡಲಾಗದು, ಹಾಗಾಗಿ ಸೈಲೆಂಟ್ ಅವರ ಉಪಾಯ ಅಲ್ಲಿ ಕಡಿಮೆ ನಡೆಯುತ್ತದೆ. ಕರಡಿ ಎರಡು ಬಗೆ, ಫ್ರಾಸ್ಟ್‌ಕ್ಲಾ ಮತ್ತು ಫೈರ್‌ಕ್ಲಾ. ದರೋಜಿ ಕರಡಿಧಾಮದಲ್ಲಿ ಸಂಜೆ ಬಂಡೆ ಮೇಲೆ ಬರುವ ಕರಡಿಯನ್ನು ದೂರದಿಂದ ನೋಡಿ ಬಂದವರು ಇವನ್ನು ಕಂಡು ಮೋಸ ಹೋಗಬೇಡಿ. ಫೈರ್‌ಕ್ಲಾ ಎದ್ದು ನಿಂತು ಎರಡೂ ಕೈಯಲ್ಲಿ ನೆಲ ಬಡಿದರೆ ಸುತ್ತ ಎಲ್ಲಾ ಸುಡುತ್ತದೆ. ಫ್ರಾಸ್ಟ್‌ಕ್ಲಾಗೆ ಬೆಂಕಿ, ಫೈರ್‌ಕ್ಲಾಗೆ ಫ್ರೀಜ್. ಸ್ಕಾರ್ಚರ್ ಎಂಬ ತೋಳದಂಥ ಯಂತ್ರಕ್ಕೂ ಫ್ರೀಜ್. ಅದು ಬೆನ್ನಿನಿಂದ ಮೈನ್ ಚೆಲ್ಲುತ್ತದೆ, ಆ ಲಾಂಚರ್ ಮೊದಲು ಕಿತ್ತುಹಾಕಿ. ಅಲ್ಲೇ ಸಿಗುವ ಐಸ್‌ರೇಲ್ ಎಂಬ ಹಿಮದ ಆಯುಧ ಫೈರ್‌ಕ್ಲಾ, ಸ್ಕಾರ್ಚರ್ ಎರಡಕ್ಕೂ ಚೆನ್ನಾಗಿ ಒಗ್ಗುತ್ತದೆ.

ರಾಯಚೂರು_ರಣಬಿಸಿಲು

ಕೇಳಿಸ್ತಾ ಎಲ್ಲರಿಗೂ? ಫ್ರೀಜ್. ಸುತ್ತಿ ಬಳಸಿ ಕೊನಿಗೆ ನನ್ನ ಮಾತಿಗೆ ಬಂದ್ರಿ. ಹುಡುಗಾ, ಚೀಲ ತುಂಬ ಫ್ರೀಜ್ ಬಾಂಬ್ ತುಂಬ್ಕೊಂಡು ನಡಿ, ಫೈರ್‌ಕ್ಲಾ ಕಂಡ ತಕ್ಷಣ ಒಗಿ.

ಗುಡ್ಡದ_ಬಿಲ್ಲು

ಒಗೆಯೋಕೆ ಮುಂಚೆ ಸುತ್ತ ನೋಡು ತಮ್ಮಾ. ನೆಲದಲ್ಲಿ ನಿಂತಿರೋ ಕಂಬದಿಂದ ನೇರಳೆ ಅಲೆ ಹೊರಡ್ತಿದ್ರೆ ಅದು ಕಂಟ್ರೋಲ್ ಟವರ್. ಆ ಅಲೆ ಮುಟ್ಟಿದ ಯಂತ್ರಗಳ ಹೆಲ್ತ್ ಮತ್ತೆ ತುಂಬ್ತಾ ಹೋಗ್ತೈತೆ. ಟವರ್ ನಿಂತಿರೋ ತನಕ ನೀ ಫೈರ್‌ಕ್ಲಾನ ಎಷ್ಟು ಸಲ ಫ್ರೀಜ್ ಮಾಡಿದ್ರೂ ಅಷ್ಟು ಸಲ ಎದ್ದು ಬರ್ತೈತೆ, ಮಾಮಾನ ಬಾಂಬ್ ಎಲ್ಲಾ ನೀರಲ್ಲಿ ಹೋಮ. ಹುಲ್ಲಿನಲ್ಲಿ ಹೋಗಿ ಟವರ್‌ನ ಓವರ್‌ರೈಡ್ ಮಾಡು. ಹತ್ರ ಹೋಗೋಕಾಗದಿದ್ರೆ ದೂರದಿಂದ ಹೊಡೆದು ಒಡಿ. ಓವರ್‌ರೈಡ್ ಆದ್ರೆ ಸುತ್ತ ಇರೋ ಯಂತ್ರ ಒಂದ್ ಕ್ಷಣ ಮರಗಟ್ಟಿ ನಿಲ್ತಾವೆ, ಆ ಕ್ಷಣಕ್ಕೆ ಮೊದಲ ಬಾಂಬ್ ಕೈಯಲ್ಲಿ ರೆಡಿ ಇರ್ಲಿ.

ರಾಯಚೂರು_ರಣಬಿಸಿಲು

ಆತು. ಮೊದಲ ಟವರ್, ಆಮ್ಯಾಲೆ ಫ್ರೀಜ್. ಆದ್ರ ಫ್ರೀಜ್ ಅಂತೂ ಹೌದಲ್ಲ?

ಗುಡ್ಡದ_ಬಿಲ್ಲು

ಹೌದಪ್ಪಾ ಹೌದು.